ಆ ಜ್ವರ ಮಗನಿಗೆ ಬರುವುದು ಬೇಡ

ಸಿಂಧನೂರಿನ ತಂಗಿಯೊಬ್ಬರ ಪತ್ರ ಓದಿ ಎರಡು ದಿನ ಮನಸ್ಸಿಗೆ ನೆಮ್ಮದಿ ಇಲ್ಲ. ಗಂಡನಿಂದ ಬೇರೆಯಾಗಿ ಮೂರು ವರ್ಷ, ವಿಚ್ಛೇದನದ ಮೊಕದ್ದಮೆ ಇನ್ನೂ ನಡೆಯುತ್ತಿದೆ. ಮಧ್ಯಂತರ ಆದೇಶದಂತೆ ಎಂಟು ವರ್ಷದ ಮಗ ತಾಯಿಯ ಬಳಿ ಇದ್ದಾನೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ತಂದೆ ಬಳ್ಳಾರಿಯಿಂದ ಬಂದು ಸಂಜೆಯವರೆಗೆ ಕರೆದೊಯ್ಯಬಹುದು. ಮುಂದಿನ ತಿಂಗಳು ತವರಿನವರ ಜೊತೆ ತಿರುಪತಿಗೆ ಹೋಗಿ ಮಗನ ಮುಡಿ ಕೊಡಬೇಕು, ಹರಕೆ ಹಳೆಯದು. ರಾಯಚೂರಿನಿಂದ ರೈಲಿನ ಟಿಕೆಟ್ ಆಗಿದೆ. ನಾಲ್ಕನೆಯ ಶನಿವಾರ ಅದರಲ್ಲೇ ಸೇರಿಹೋಗಿದೆ. ಎರಡು ತಿಂಗಳಿನಿಂದ ಜೀವನಾಂಶ ಕಳುಹಿಸದ ಮನುಷ್ಯನನ್ನು ಕೇಳಬೇಕೇ ಎಂಬುದು ಅವರ ಪ್ರಶ್ನೆ.

ಪತ್ರದ ಕೊನೆಗೆ, ಹೆಸರು ಬರೆಯುವ ಮುನ್ನ, ಒಂದು ಸಾಲು: ‘ಜ್ವರ ಬಂದಿದೆ ಎಂದು ಮಗನಿಂದಲೇ ಫೋನಿನಲ್ಲಿ ಹೇಳಿಸಿದರಾಯಿತು ಎನ್ನುತ್ತಾನೆ ಅಣ್ಣ, ಮಗನೂ ಒಪ್ಪಿದ್ದಾನೆ.’

ತಂಗಿ, ಒಪ್ಪಿದ್ದಾನೆ ಎಂದು ಬರೆದಿದ್ದೀರಿ. ಎಂಟು ವರ್ಷದ ಹುಡುಗ ಅಮ್ಮನ ಮುಖ ನೋಡಿ ಯಾವುದಕ್ಕೂ ಒಪ್ಪುತ್ತಾನೆ. ಆದರೆ ಆ ಮುಂದಿನ ಭೇಟಿಯ ಶನಿವಾರ ಅವನು ಬೋಳುತಲೆಯಲ್ಲಿ ಅಪ್ಪನ ಮುಂದೆ ನಿಲ್ಲಬೇಕು. ಅಪ್ಪ ತಲೆ ಸವರಿ ‘ಯಾವಾಗ ತೆಗೆಸಿದರು?’ ಎಂದು ಕೇಳುತ್ತಾನೆ. ಆಗ ಪಕ್ಕದಲ್ಲಿ ನೀವೂ ಇರುವುದಿಲ್ಲ, ನಿಮ್ಮ ಅಣ್ಣನೂ ಇರುವುದಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದವನು ಆ ಮಗು ಒಬ್ಬನೇ.

ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಹೊಲಿಗೆ ಯಂತ್ರದ ಮುಂದೆ ಕುಳಿತು ಮಗನ ಶಾಲೆಯ ಶುಲ್ಕ ಕಟ್ಟುತ್ತಿರುವವರು ನೀವು. ಸಿಟ್ಟೆಲ್ಲ ನಿಮ್ಮ ಅಣ್ಣನ ಮೇಲೆ. ‘ಮಗು ತಾಯಿಯದು, ಯಾರನ್ನೂ ಕೇಳಬೇಕಿಲ್ಲ’ ಎಂಬ ಅವರ ಮಾತು ಅರ್ಧ ಸತ್ಯ. ಹಿಂದೂಗಳಿಗೆ ಅನ್ವಯಿಸುವ 1956ರ ಕಾಯ್ದೆಯಲ್ಲಿ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದಿದೆ, ನಿಮ್ಮ ಮಗ ಆ ವಯಸ್ಸು ದಾಟಿದ್ದಾನೆ. ಅದೇ ಕಾಯ್ದೆಯಲ್ಲಿ ತಂದೆಯ ‘ನಂತರ’ ತಾಯಿ ಸಹಜ ಪಾಲಕಿ ಎಂದಿರುವಲ್ಲಿ, ನಂತರ ಎಂದರೆ ತಂದೆ ಸತ್ತ ಮೇಲೆ ಮಾತ್ರವಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಿತು. ತಾಯಿಗೆ ಅದು ದೊಡ್ಡ ಬಲ, ನಿಜ. ಆದರೂ ನ್ಯಾಯಾಲಯ ಕೊಟ್ಟ ಆ ಶನಿವಾರ ಮಗನಿಗೂ ಅವನ ಅಪ್ಪನಿಗೂ ಸೇರಿದ್ದು. ಅದನ್ನು ಸುಳ್ಳು ಹೇಳಿ ತಪ್ಪಿಸಿದರೆ ನಾಳೆ ಎದುರು ಪಕ್ಷದ ವಕೀಲರು ನ್ಯಾಯಾಧೀಶರ ಮುಂದೆ ಇಡುವುದು ಇದನ್ನೇ. ನಿಮ್ಮ ಅಣ್ಣನ ಹೆಸರು ಅಲ್ಲಿ ಬರುವುದಿಲ್ಲ, ನಿಮ್ಮದು ಬರುತ್ತದೆ.

ಜೀವನಾಂಶದ ಲೆಕ್ಕ ಬೇರೆ. ಬಾಕಿ ವಸೂಲಿಗೆ ನಿಮ್ಮ ವಕೀಲರಿಂದ ಅರ್ಜಿ ಹಾಕಿಸಿ, ಈ ವಾರವೇ ಹಾಕಿಸಿ. ಹಣ ಬರಲಿಲ್ಲವೆಂದು ಮಗನ ಭೇಟಿ ತಡೆಯಲು ಬರುವುದಿಲ್ಲ.

ಮಕ್ಕಳ ಬಾಯಲ್ಲಿ ಮಾತು ಕಳುಹಿಸಬೇಡಿ, ಕಾಗದದಲ್ಲಿ ಕಳುಹಿಸಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ಮತ್ತೆ ಬರೆಯುತ್ತೇನೆ. ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ಮೊಬೈಲ್‌ನಿಂದ, ನಿಮ್ಮ ಹೆಸರಿನಲ್ಲಿ ಆತನಿಗೆ ನಾಲ್ಕು ಸಾಲು ಬರೆಯಿರಿ: ಯಾವ ದಿನ ಹೊರಡುತ್ತೀರಿ, ಯಾವ ರೈಲು, ಎಲ್ಲಿ ಉಳಿಯುತ್ತೀರಿ, ಯಾವ ದಿನ ಮರಳುತ್ತೀರಿ. ತಪ್ಪುವ ಶನಿವಾರದ ಬದಲು ಅದರ ಮುಂದಿನ ಶನಿವಾರ, ಬೇಕಿದ್ದರೆ ಭಾನುವಾರವನ್ನೂ ಕೊಡಿ. ಒಪ್ಪಿಗೆ ಬರಹದಲ್ಲೇ ಬರಲಿ. ಆತ ಒಪ್ಪದಿದ್ದರೆ, ಅಥವಾ ಊರು ಬಿಡುವ ಬಗ್ಗೆ ಆದೇಶದಲ್ಲಿ ಷರತ್ತಿದ್ದರೆ, ಅನುಮತಿ ಕೊಡಬೇಕಾದದ್ದು ನ್ಯಾಯಾಲಯ. ಅದು ಸಿಗುವವರೆಗೆ ಟಿಕೆಟ್ ರದ್ದಾಗಲಿ. ಇಷ್ಟು ವರ್ಷ ಕಾದ ತಿಮ್ಮಪ್ಪ ಇನ್ನೆರಡು ತಿಂಗಳು ಕಾಯುತ್ತಾನೆ.

ಬರೆದು ಕಳುಹಿಸಿದ ಮೇಲೆ ಮಗನನ್ನು ಕರೆದು ಹೇಳಿ: ‘ಜ್ವರ ಅಂತ ಹೇಳುವುದು ಬೇಡ, ಅಪ್ಪನಿಗೆ ನಾನೇ ತಿಳಿಸಿದ್ದೇನೆ.’