ದೋಸೆ ಒಂದು ಕಡೆ, ಬೆಲೆ ಇನ್ನೊಂದು ಕಡೆ

ಪ್ರಶ್ನೆ: ಬಿಸಿಎ ಓದುತ್ತ ವೆಬ್ ಪುಟ ಕಟ್ಟುವುದನ್ನು ಕಲಿಯುತ್ತಿದ್ದೇನೆ. ನಮ್ಮ ಮಾವನ ಬೆಣ್ಣೆದೋಸೆ ಹೋಟೆಲಿಗೆ ಪುಟ ಮಾಡಿದೆ. ಎಡಕ್ಕೆ ತಿಂಡಿಗಳ ಹೆಸರು, ನಡುವೆ ಬೆಲೆ, ಬಲಕ್ಕೆ ವಿಳಾಸ. ಲ್ಯಾಪ್‌ಟಾಪಿನಲ್ಲಿ ಚೆಂದ, ಮೊಬೈಲಿನಲ್ಲಿ ಅಕ್ಷರ ಸಾಸಿವೆ ಕಾಳಷ್ಟು. ಪ್ರತಿ ಮೊಬೈಲಿಗೂ ಬೇರೆ ಮೀಡಿಯಾ ಕ್ವೆರಿ (ಪರದೆಯ ಅಗಲ ನೋಡಿ ವಿನ್ಯಾಸ ಬದಲಿಸುವ ನಿಯಮ) ಬೇಕೇ? ಅಣ್ಣನಿಗೆ ಕಣ್ಣು ಕಾಣುವುದಿಲ್ಲ, ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸುತ್ತಾನೆ. ಅವನಿಗೆ ಬೇಕಾದ್ದನ್ನು ಕೊನೆಗೆ ಸೇರಿಸಿದರಾಯಿತೇ?
– ಓದುಗಿ, ವಿದ್ಯಾನಗರ, ದಾವಣಗೆರೆ

ಉತ್ತರ: ಕೊನೆಗಲ್ಲ, ಅಲ್ಲಿಂದಲೇ ಶುರು ಮಾಡಿ. ಚಿತ್ರದುರ್ಗದಲ್ಲಿ ನನ್ನ ತರಗತಿಗೆ ಬರುವವರಿಗೆ ಮೊದಲು ಹೇಳುವುದು ಇಷ್ಟೇ: ಪುಟದ ಅಂದ ನೋಡಿಕೊಳ್ಳುವ ಸಿಎಸ್ಎಸ್ ತೆಗೆದುಹಾಕಿ, ವಿಷಯವಿರುವ ಎಚ್‌ಟಿಎಂಎಲ್ ಅನ್ನಷ್ಟೇ ಮೇಲಿನಿಂದ ಕೆಳಗೆ ಗಟ್ಟಿಯಾಗಿ ಓದಿ. ನಿಮ್ಮ ಪುಟ ಹೇಗೆ ಕೇಳುತ್ತದೆ? ‘ಬೆಣ್ಣೆ ದೋಸೆ, ಖಾಲಿ ದೋಸೆ, ಓಪನ್ ದೋಸೆ’ ಎಂದು ಹೆಸರುಗಳೆಲ್ಲ ಮುಗಿದ ಮೇಲೆ ಬೆಲೆಗಳ ಸಾಲು. ಯಾವ ಬೆಲೆ ಯಾವ ದೋಸೆಯದು? ನಿಮ್ಮಣ್ಣನಿಗೆ ಕೇಳಿಸುವುದು ಇದೇ. ಮೊಬೈಲಿನಲ್ಲಿ ಕಾಲಂಗಳು ಒಂದರ ಕೆಳಗೊಂದು ಬಂದಾಗ ಕಣ್ಣಿದ್ದವರಿಗೂ ಇದೇ ಗತಿ. ಹಾಗಾಗಿ ಒಂದೊಂದು ತಿಂಡಿಯನ್ನೂ ಅದರ ಬೆಲೆಯ ಜತೆಗೇ ಪಟ್ಟಿಯ ಒಂದು ಅಂಶವಾಗಿ ಬರೆಯಿರಿ. ಹೋಟೆಲಿನ ಹೆಸರು, ತೆರೆದಿರುವ ವೇಳೆ, ತಿಂಡಿಗಳು, ವಿಳಾಸ, ಫೋನು: ಈ ಅನುಕ್ರಮ ಗಟ್ಟಿಯಾದರೆ ಮೊಬೈಲಿನದು, ಅಣ್ಣನದು ಎರಡೂ ಕೆಲಸದ ಅರ್ಧ ಮುಗಿಯಿತು. ಆಮೇಲೆ ಸಿಎಸ್ಎಸ್‌ನ ಆರ್ಡರ್ ಬಳಸಿ ಅದನ್ನು ಕಣ್ಣಿಗಷ್ಟೇ ಅದಲು ಬದಲು ಮಾಡಬೇಡಿ.

ಅಕ್ಷರ ಸಣ್ಣದಾಗಲು ಬಹುಶಃ ವ್ಯೂಪೋರ್ಟ್ ಮೆಟಾ ಟ್ಯಾಗ್ (ಪುಟವನ್ನು ಎಷ್ಟು ಅಗಲಕ್ಕೆ ಹೊಂದಿಸಬೇಕೆಂದು ಬ್ರೌಸರಿಗೆ ಹೇಳುವ ಸಾಲು) ಇಲ್ಲದಿರುವುದೇ ಕಾರಣ. ಅದಿಲ್ಲದಿದ್ದರೆ ಮೊಬೈಲು ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ್ದೆಂದು ಭಾವಿಸಿ ಕುಗ್ಗಿಸುತ್ತದೆ. ಆ ಟ್ಯಾಗಿನಲ್ಲಿ ಅಗಲಕ್ಕೆ ‘ಡಿವೈಸ್-ವಿಡ್ತ್’ (ಆಯಾ ಮೊಬೈಲಿನದೇ ಅಗಲ) ಕೊಡಿ. ಜೂಮ್ ತಡೆಯುವ ಸಾಲನ್ನು ಮಾತ್ರ ಯಾರು ಹೇಳಿದರೂ ಸೇರಿಸಬೇಡಿ. ಮಂದ ದೃಷ್ಟಿಯವರು ಅಕ್ಷರ ಹಿಗ್ಗಿಸಿಯೇ ಓದಬೇಕು.

ಮೊಬೈಲ್ ಮಾಡೆಲ್‌ಗಳನ್ನು ಎಣಿಸುತ್ತ ಹೋದರೆ ಮುಗಿಯುವುದಿಲ್ಲ. ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 2010ರಲ್ಲಿ, ಪರದೆಗೆ ತಕ್ಕಂತೆ ಹೊಂದಿಕೊಳ್ಳುವುದಕ್ಕೆ ‘ರೆಸ್ಪಾನ್ಸಿವ್’ ವಿನ್ಯಾಸ ಎಂದು ಹೆಸರಿಟ್ಟಾಗಲೇ ಮೀಡಿಯಾ ಕ್ವೆರಿಗಿಂತ ಮೊದಲು ಹೇಳಿದ್ದು ಹಿಗ್ಗಿ ಕುಗ್ಗುವ ಗ್ರಿಡ್ಡನ್ನು. ಈಗ ಸಿಎಸ್ಎಸ್ ಗ್ರಿಡ್‌ನಲ್ಲಿ ಆಟೋ-ಫಿಟ್, ಮಿನ್‌ಮ್ಯಾಕ್ಸ್ ಕೊಟ್ಟರೆ ಜಾಗ ಇದ್ದಷ್ಟು ಕಾಲಂಗಳು ತಾವೇ ಕೂರುತ್ತವೆ. ಬ್ರೌಸರನ್ನು ನಿಧಾನವಾಗಿ ಕಿರಿದು ಮಾಡುತ್ತ ಬನ್ನಿ. ಪುಟ ಎಲ್ಲಿ ಕೆಡುತ್ತದೋ ಅಲ್ಲಿಗೆ ಮಾತ್ರ ಒಂದು ಕ್ವೆರಿ. ಎಲ್ಲರೂ ಬಳಸುವಂತೆ ಪುಟ ಕಟ್ಟಲು ಇರುವ ಮಾರ್ಗಸೂಚಿ ಡಬ್ಲ್ಯೂಸಿಎಜಿ 2.1 ಪ್ರಕಾರ 320 ಪಿಕ್ಸೆಲ್ ಅಗಲದಲ್ಲೂ ಓದಲು ಅಡ್ಡಡ್ಡ ಎಳೆಯಬೇಕಾಗಬಾರದು.

ಕನ್ನಡದ್ದೇ ಒಂದು ಮಾತಿದೆ, ಇಂಗ್ಲಿಷ್ ಪಾಠಗಳಲ್ಲಿ ಇದು ಸಿಗುವುದು ಅಪರೂಪ. ಪುಟದ ಬಟನ್ನಿಗೆ ಎತ್ತರ ನಿಗದಿ ಮಾಡಿ ಉಳಿದದ್ದನ್ನು ಮರೆಮಾಡಿದರೆ ‘ಬೆಣ್ಣೆ’ಯ ಒತ್ತೇ ಕತ್ತರಿಸಿಹೋಗುತ್ತದೆ. ಎತ್ತರವನ್ನು ಪ್ಯಾಡಿಂಗ್‌ಗೆ (ಅಕ್ಷರದ ಸುತ್ತ ಬಿಡುವ ಜಾಗಕ್ಕೆ) ಬಿಡಿ, ಸಾಲಿನ ಅಂತರ 1.7ರ ಆಸುಪಾಸಿರಲಿ. ಪುಟದ ಭಾಷೆ ‘ಕೆಎನ್’ (ಕನ್ನಡದ ಸಂಕೇತ) ಎಂದೇ ಇರಲಿ; ಅಲ್ಲಿ ಇಂಗ್ಲಿಷ್ ಎಂದಿದ್ದರೆ ಓದಿ ಹೇಳುವ ತಂತ್ರಾಂಶ ಕನ್ನಡವನ್ನು ಇಂಗ್ಲಿಷ್ ಧ್ವನಿಗೆ ಒಪ್ಪಿಸಬಹುದು.

ಬೆಣ್ಣೆಯ ಹಳದಿ ಮೇಲೆ ಬಿಳಿ ಅಕ್ಷರ ಬೇಡ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ (ಕಾಂಟ್ರಾಸ್ಟ್) ಬೇಕು. ಕಡು ಕಂದು ಬಳಸಿ ನೋಡಿ.