ರೈ ಹಿಟ್ಟಿನಲ್ಲಿ ಚಪಾತಿ ಯಾಕೆ ಆಗುವುದಿಲ್ಲ? ಈ ಧಾನ್ಯವನ್ನು ಮತ್ತೆ ಯಾವುದಕ್ಕೆ ಬಳಸುತ್ತಾರೆ?

ಚಪಾತಿ ಆಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಆ ಹಿಟ್ಟಿನಲ್ಲಿ ಯಾರು ಲಟ್ಟಿಸಿದರೂ ಆಗುವುದಿಲ್ಲ. ಬರ್ಲಿನ್‌ಗೆ ಹೊಸದಾಗಿ ಬಂದಿದ್ದೀರಿ, ಗೋಧಿ ಅಂದುಕೊಂಡು ತಂದ ಪೊಟ್ಟಣ ರೈ ಎಂಬ ಬೇರೆ ಧಾನ್ಯದ ಹಿಟ್ಟಾಗಿತ್ತು, ಇನ್ನೂ ಎರಡು ಪೊಟ್ಟಣ ಮನೆಯಲ್ಲಿ ಬಿದ್ದಿವೆ, ಅದು ಯಾವ ಧಾನ್ಯ, ಅದನ್ನು ಏನು ಮಾಡುವುದು, ಬೇಸಿಗೆಗೆ ಬರುವ ಅಮ್ಮನ ಸಕ್ಕರೆ ಕಾಯಿಲೆಗೆ ಅದು ಒಳ್ಳೆಯದಾ ಅಂತ ಕೇಳಿದ್ದೀರಿ. ನಾನು ಇಲ್ಲಿ ಸುಮಾರು ವರ್ಷಗಳಿಂದ ಇದ್ದೇನೆ, ಮನೆಯಲ್ಲೇ ರೈ ಬ್ರೆಡ್ ಮಾಡುತ್ತೇನೆ, ಹಾಗಾಗಿ ಗೊತ್ತಿರುವುದನ್ನು ಹೇಳುತ್ತೇನೆ.

ಗೋಧಿ ಹಿಟ್ಟನ್ನು ನಾದುತ್ತಾ ಹೋದರೆ ಅದರಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಎಳೆ ಎಳೆಯಾಗಿ ಹೆಣೆದುಕೊಳ್ಳುತ್ತದೆ, ಅದಕ್ಕೇ ಉಂಡೆ ಎಳೆದರೆ ಹಿಗ್ಗುತ್ತದೆ. ರೈಯಲ್ಲೂ ಗ್ಲುಟೆನ್ ಇದೆ, ಆದರೆ ಹಾಗೆ ಹೆಣೆದುಕೊಳ್ಳುವುದಿಲ್ಲ. ಅದರ ಬದಲು ರೈಯಲ್ಲಿ ಪೆಂಟೋಸಾನ್ ಎಂಬ ನಾರು ಜಾಸ್ತಿ. ಅದು ತನ್ನ ತೂಕದ ಹಲವು ಪಟ್ಟು ನೀರು ಹೀರಿಕೊಂಡು ಅಂಟಂಟಾಗುತ್ತದೆ. ನಾದಿದಷ್ಟೂ ಕೈಗೆ ಮೆತ್ತುತ್ತದೆ, ಮೆತ್ತಿತು ಅಂತ ಮೇಲೆ ಹಿಟ್ಟು ಉದುರಿಸುತ್ತಾ ಹೋದರೆ ಕೊನೆಗೆ ಸಿಗುವುದು ಗಟ್ಟಿ ಹಪ್ಪಳ. ನಮ್ಮ ರಾಗಿಗೂ ಗೋಧಿಯ ಹಾಗೆ ಎಳೆ ಬರುವುದಿಲ್ಲ, ಅದಕ್ಕೇ ನಾವು ಮುದ್ದೆ ಕಟ್ಟುತ್ತೇವೆ, ಇಲ್ಲವೇ ರೊಟ್ಟಿ ತಟ್ಟುತ್ತೇವೆ, ಸುಮ್ನೆ ಅದರ ಜೊತೆ ಜಗಳಕ್ಕೆ ಹೋಗುವುದಿಲ್ಲ. ರೈಯನ್ನೂ ಹಾಗೇ ನೋಡಿ.

ಮುಂದಿನ ಸಲ ಪೊಟ್ಟಣ ತೆಗೆದುಕೊಳ್ಳುವಾಗ ಎರಡು ವಿಷಯ ನೋಡಿ. ‘ರೊಗ್ಗನ್’ ಅಂತಿದ್ದರೆ ರೈ, ‘ವೈಟ್ಸನ್’ ಅಂತಿದ್ದರೆ ಗೋಧಿ. ಪಕ್ಕದಲ್ಲೇ 405, 550, 1050 ಅಥವಾ 997, 1150 ಅಂತ ನಂಬರ್ ಇರುತ್ತದೆ. ಬೆಲೆಯೂ ಅಲ್ಲ, ತೂಕವೂ ಅಲ್ಲ ಅದು. 100 ಗ್ರಾಂ ಒಣ ಹಿಟ್ಟನ್ನು ಸುಟ್ಟರೆ ಎಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತದೆ ಅನ್ನುವ ಲೆಕ್ಕ. ತವುಡು ಜಾಸ್ತಿ ಇದ್ದಷ್ಟೂ ಬೂದಿ ಜಾಸ್ತಿ, ಹಿಟ್ಟು ಕಪ್ಪು. ಮೊದಲ ಮೂರು ಗೋಧಿಯವು, 997 ಮತ್ತು 1150 ರೈಯವು. ಚಪಾತಿಗೆ ಇಂಡಿಯನ್ ಅಂಗಡಿಯ ಆಟಾ ಸಿಕ್ಕರೆ ಅದೇ ಸರಿ, ಸಿಗದಿದ್ದರೆ ಗೋಧಿಯ 1050 ನಡೆಯುತ್ತದೆ.

ಈಗ ಉಳಿದಿರುವ ಆ ಎರಡು ಪೊಟ್ಟಣ. ಮೂರು ಪಾಲು ಆಟಾಗೆ ಒಂದು ಪಾಲು ರೈ ಸೇರಿಸಿದರೆ ಚಪಾತಿ ಲಟ್ಟಿಸಬಹುದು, ಸ್ವಲ್ಪ ಹುಳಿ ಹುಳಿಯಾದ, ಮಣ್ಣಿನ ವಾಸನೆಯ ರುಚಿ ಬರುತ್ತದೆ, ನನಗೆ ಇಷ್ಟ, ನಮ್ಮ ಮನೆಯವರಿಗೆ ಅಷ್ಟಕ್ಕಷ್ಟೆ. ಬರೀ ರೈಯಲ್ಲೇ ಮಾಡಬೇಕು ಅಂದರೆ ತಟ್ಟಿ. ಈರುಳ್ಳಿ, ಹಸಿಮೆಣಸು, ಜೀರಿಗೆ, ಕೊತ್ತಂಬರಿ ಸೊಪ್ಪು ಹಾಕಿ ಮೆತ್ತಗೆ ಕಲಸಿ, ಕೈಯನ್ನು ಎಣ್ಣೆಯಲ್ಲಲ್ಲ, ನೀರಿನಲ್ಲಿ ಒದ್ದೆ ಮಾಡಿಕೊಂಡು ಬೇಕಿಂಗ್ ಪೇಪರ್ ಮೇಲೆ ತಟ್ಟಿ ಕಾವಲಿಗೆ ಹಾಕಿ. ಇಲ್ಲಿನ ಬೇಕರಿಯವರೂ ರೈ ಹಿಟ್ಟನ್ನು ಒದ್ದೆ ಕೈಯಲ್ಲೇ ಮುಟ್ಟುವುದು. ಮಜ್ಜಿಗೆ, ರವೆ ಸೇರಿಸಿ ದಿಢೀರ್ ದೋಸೆಗೂ ಆಗುತ್ತದೆ.

ಆದರೆ ರೈಯ ನಿಜವಾದ ಕೆಲಸ ಬ್ರೆಡ್. ಅದಕ್ಕೆ ಹುಳಿ ಬೇಕೇ ಬೇಕು, ಬರೀ ಯೀಸ್ಟ್ ಹಾಕಿದರೆ ಸಾಲದು. ಕಾರಣ ಇಷ್ಟು: ರೈಯಲ್ಲಿ ಅಮೈಲೇಸ್ ಎಂಬ ಕಿಣ್ವ ಜೋರು, ಒಲೆಯಲ್ಲಿ ಬ್ರೆಡ್ ಬೇಯುತ್ತಿರುವಾಗಲೇ ಅದು ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತಾ ಕೂರುತ್ತದೆ, ಹೊರಗೆ ನೋಡಿದರೆ ಬೆಂದ ಹಾಗಿರುತ್ತದೆ, ಒಳಗೆ ಅಂಟು. ಹುಳಿ ಇದ್ದರೆ ಆ ಕಿಣ್ವದ ಆಟ ನಿಲ್ಲುತ್ತದೆ. ಹಿಟ್ಟು ಮತ್ತು ನೀರು ಕಲಸಿ ಕೆಲವು ದಿನ ಇಟ್ಟು, ದಿನಾ ಸ್ವಲ್ಪ ಹೊಸ ಹಿಟ್ಟು ಹಾಕುತ್ತಾ ಬಂದರೆ ಹುಳಿ ತಾನಾಗಿ ತಯಾರಾಗುತ್ತದೆ, ದೋಸೆ ಹಿಟ್ಟು ಹುಳಿ ಬರಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಾದುವುದು ಬೇಡ, ಮರದ ಸೌಟಿನಲ್ಲಿ ಕಲಸಿ ಅಚ್ಚಿಗೆ ಸುರಿದರೆ ಆಯಿತು. ಬೆಂದ ಮೇಲೆ ಮಾತ್ರ ತಡೆದುಕೊಳ್ಳಬೇಕು. ಅದೇ ದಿನ ಕತ್ತರಿಸಿದರೆ ಚಾಕುವಿಗೆ ಪೇಸ್ಟ್ ಹಾಗೆ ಹತ್ತುತ್ತದೆ, ಮಾರನೇ ದಿನ ತೆಳ್ಳಗೆ ಚಂದವಾಗಿ ಬರುತ್ತದೆ.

ಅಂಗಡಿಯಲ್ಲಿ ಕೊಳ್ಳುವಾಗ ಬಣ್ಣ ನೋಡಿ ಮೋಸ ಹೋಗಬೇಡಿ. ಮಾಲ್ಟ್ ಅಥವಾ ಸಕ್ಕರೆ ಪಾಕ ಹಾಕಿ ಕಪ್ಪು ಮಾಡಿದ ಗೋಧಿ ಬ್ರೆಡ್ಡೂ ಬೇಕಾದಷ್ಟು ಸಿಗುತ್ತದೆ. ಜರ್ಮನಿಯಲ್ಲಿ ‘ರೊಗ್ಗನ್‌ಬ್ರೋಟ್’ ಅಂತ ಬರೆಯಬೇಕಾದರೆ ಧಾನ್ಯದ ಪಾಲಿನಲ್ಲಿ ಶೇ. 90 ಆದರೂ ರೈ ಇರಬೇಕು. ‘ರೊಗ್ಗನ್‌ಮಿಶ್‌ಬ್ರೋಟ್’ ಆದರೆ ಅರ್ಧಕ್ಕಿಂತ ಜಾಸ್ತಿ ರೈ, ಉಳಿದದ್ದು ಗೋಧಿ. ಹೊಸಬರು ಇದರಿಂದ ಶುರು ಮಾಡುವುದು ಒಳ್ಳೆಯದು. ಪಂಪರ್‌ನಿಕಲ್ ಅನ್ನುವ ಬ್ರೆಡ್ ಪಶ್ಚಿಮ ಜರ್ಮನಿಯ ವೆಸ್ಟ್‌ಫಾಲಿಯಾ ಕಡೆಯದು, ಒಡೆದ ರೈ ಕಾಳಿನದು, ಕಡಿಮೆ ಅಂದರೂ 16 ಗಂಟೆ ಸಣ್ಣ ಉರಿಯಲ್ಲಿ ಬೇಯಬೇಕು ಅನ್ನುವ ನಿಯಮವೇ ಇದೆ. ಅಷ್ಟು ಹೊತ್ತು ಬೆಂದೂ ಬೆಂದೂ ಅದರೊಳಗಿನ ಸಕ್ಕರೆಯಿಂದಲೇ ಕಪ್ಪಾಗುತ್ತದೆ, ಸಿಹಿಯಾಗುತ್ತದೆ.

ಧಾನ್ಯ ಯಾವುದು ಅಂತಲೂ ಕೇಳಿದ್ದಿರಿ. ಗೋಧಿ, ಬಾರ್ಲಿಯ ಹತ್ತಿರದ ಸಂಬಂಧಿ. ಇದರ ಕಥೆ ನನಗೆ ಬಹಳ ಇಷ್ಟ, ಯಾಕೆಂದರೆ ಇದು ಕಳೆಯಾಗಿ ಶುರುವಾದ ಬೆಳೆ. ಟರ್ಕಿ, ಇರಾನ್ ಸುತ್ತಮುತ್ತ ಗೋಧಿ ಹೊಲದಲ್ಲಿ ತಾನೇ ಹುಟ್ಟುತ್ತಿದ್ದ ಹುಲ್ಲು, ಕಿತ್ತರೂ ಮತ್ತೆ ಬರುತ್ತಿತ್ತು. ಗೋಧಿ ಬೀಜದ ಜೊತೆ ಸೇರಿಕೊಂಡು ಉತ್ತರಕ್ಕೆ, ಬೆಟ್ಟಕ್ಕೆ ಹೋಯಿತು. ಅಲ್ಲಿನ ಚಳಿಗೆ ಗೋಧಿ ಸೋತಿತು, ಕಳೆ ನಿಂತಿತು, ರೈತರು ಇದನ್ನೇ ಕೊಯ್ದರು. ಹೀಗೆ ವಿವರಿಸಿದವರು ರಷ್ಯಾದ ವಿಜ್ಞಾನಿ ನಿಕೊಲಾಯ್ ವಾವಿಲೊವ್.

ನೀವಿರುವ ಜಾಗದ ಸುತ್ತಲೇ ನೋಡಬಹುದು. ಬರ್ಲಿನ್ ಸುತ್ತಲಿನ ಬ್ರಾಂಡೆನ್‌ಬುರ್ಗ್ ರಾಜ್ಯ ಬಹುಪಾಲು ಮರಳು ನೆಲ, ಹಿಂದೆ ಅದನ್ನು ‘ಸಾಮ್ರಾಜ್ಯದ ಮರಳು ಡಬ್ಬಿ’ ಅಂತ ಆಡಿಕೊಳ್ಳುತ್ತಿದ್ದರು. ಗೋಧಿ ಗೊಣಗುವ ಇಂಥ ನೆಲದಲ್ಲಿ ರೈ ಬೆಳೆಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ, ಹಿಮದ ಕೆಳಗೆ ಮೊಳಕೆ ಮಲಗಿರುತ್ತದೆ, ಆ ಚಳಿ ತಾಗದಿದ್ದರೆ ತೆನೆಯೇ ಬರುವುದಿಲ್ಲ. ಜೂನ್ ಹೊತ್ತಿಗೆ ರೈಲಿನ ಕಿಟಕಿಯಿಂದ ನೋಡಿ, ನೀಲಿ ಬೆರೆತ ಹಸಿರು, ಎದೆಯೆತ್ತರ, ಉದ್ದ ಮೀಸೆಯ ತೆನೆ, ಗಾಳಿ ಬೀಸಿದರೆ ಪರಾಗ ಹೊಗೆಯಾಗಿ ಏಳುತ್ತದೆ. ಹೂ ಬಿಡುವ ಆ ದಿನಗಳಲ್ಲಿ ಅಲರ್ಜಿ ಇರುವವರಿಗೆ ಕಷ್ಟ. ಕೊಯ್ಲು ಜುಲೈ, ಆಗಸ್ಟ್.

ಬೆಳೆದದ್ದೆಲ್ಲ ಬ್ರೆಡ್ ಆಗುವುದಿಲ್ಲ. ಜರ್ಮನಿಯಲ್ಲಿ ದೊಡ್ಡ ಪಾಲು ದನ, ಹಂದಿಯ ಮೇವಿಗೆ ಹೋಗುತ್ತದೆ, ಇನ್ನಷ್ಟು ಬಯೋಗ್ಯಾಸ್‌ಗೆ. ಉದ್ದ ಹುಲ್ಲಿನಿಂದ ಹಿಂದೆ ಮನೆಗೆ ಸೂರು ಹೊದಿಸುತ್ತಿದ್ದರು. ಅಮೆರಿಕದಲ್ಲಿ ಮೆಕ್ಕೆಜೋಳ, ಸೋಯಾ ಕೊಯ್ದ ಮೇಲೆ ಮಣ್ಣು ಕೊಚ್ಚಿಹೋಗದಿರಲಿ ಅಂತಲೇ ಬಿತ್ತುತ್ತಾರೆ. ಅಲ್ಲಿನ ರೈ ವಿಸ್ಕಿಯಲ್ಲಿ ಧಾನ್ಯದ ಶೇ. 51 ಆದರೂ ರೈ ಇರಬೇಕು. ರಷ್ಯಾದಲ್ಲಿ ಒಣಗಿದ ರೈ ಬ್ರೆಡ್ಡಿನಿಂದ ಕ್ವಾಸ್ ಎಂಬ ಹುಳಿ ಪಾನೀಯ, ಪೋಲೆಂಡ್‌ನಲ್ಲಿ ರೈ ಹುಳಿಯ ಝುರೆಕ್ ಸಾರು. ಕುಡಿದರೆ ನಮ್ಮ ಬಾಯಿಗೂ ಹಿಡಿಸುತ್ತದೆ, ಆದರೆ ಸಾಮಾನ್ಯವಾಗಿ ಸಾಸೇಜ್ ಇರುತ್ತದೆ, ಸಸ್ಯಾಹಾರಿಯಾದರೆ ಕೇಳಿಯೇ ತಗೊಳ್ಳಿ. ಫಿನ್ಲೆಂಡಿನವರು 2017ರಲ್ಲಿ ಓಟು ಹಾಕಿ ರೈ ಬ್ರೆಡ್ಡನ್ನೇ ರಾಷ್ಟ್ರೀಯ ಆಹಾರ ಅಂತ ಆರಿಸಿದರು. ಅಲ್ಲಿ ನಡುವೆ ತೂತಿರುವ ಬ್ರೆಡ್ ಇದೆ, ಹಿಂದೆ ಒಟ್ಟಿಗೆ ರಾಶಿ ಬೇಯಿಸಿ ಸೂರಿನ ಕೆಳಗೆ ಕೋಲಿಗೆ ಪೋಣಿಸಿಡುತ್ತಿದ್ದರು.

ಒಂದು ಎಚ್ಚರಿಕೆ. ತೆನೆಯಲ್ಲಿ ಎರ್ಗಟ್ ಎಂಬ ಶಿಲೀಂಧ್ರ ಬಂದರೆ ಕಾಳಿನ ಜಾಗದಲ್ಲಿ ಕಪ್ಪು ಕೊಂಬಿನಂಥದ್ದು ಬೆಳೆಯುತ್ತದೆ, ಅದು ವಿಷ. ಮಧ್ಯಯುಗದಲ್ಲಿ ಅದನ್ನು ತಿಂದು ಕೈಕಾಲು ಕೊಳೆತು ಊರೂರೇ ನರಳಿದವು. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲಿಸುವ ಒಂದು ಔಷಧಿಯೂ ಅದರಿಂದಲೇ ಬಂತು ಅನ್ನುವುದು ಬೇರೆ ಮಾತು. ಈಗ ಗಿರಣಿಯಲ್ಲಿ ಯಂತ್ರವೇ ಬಣ್ಣ ನೋಡಿ ಆರಿಸಿ ಎಸೆಯುತ್ತದೆ. ಅಂಗಡಿ ಹಿಟ್ಟಿಗೆ ಭಯ ಬೇಡ, ರೈತರಿಂದ ನೇರವಾಗಿ ಕಾಳು ತಂದರೆ ಮಾತ್ರ ಅಕ್ಕಿ ಆರಿಸುವ ಹಾಗೆ ಒಮ್ಮೆ ಕಣ್ಣಾಡಿಸಿ.

ಅಮ್ಮನ ವಿಷಯ: ಇಡಿ ರೈಯಲ್ಲಿ ನಾರು ಚೆನ್ನಾಗಿದೆ, ಬಿಳಿ ಬ್ರೆಡ್ಡಿಗಿಂತ ಇದಕ್ಕೆ ದೇಹ ಕಡಿಮೆ ಇನ್ಸುಲಿನ್ ಸುರಿಸುತ್ತದೆ, ಹೊಟ್ಟೆ ತುಂಬಾ ಹೊತ್ತು ತುಂಬಿರುತ್ತದೆ. ಹಾಗಂತ ಔಷಧಿ ಅಲ್ಲ, ಇದೂ ಪಿಷ್ಟವೇ, ಎಷ್ಟು ತಿನ್ನುತ್ತಾರೆ ಅನ್ನುವ ಲೆಕ್ಕ ಬೇಕು, ಮಾತ್ರೆ ವಿಷಯ ಡಾಕ್ಟರ್ ಹತ್ತಿರವೇ ಮಾತಾಡಿ. ಗ್ಲುಟೆನ್ ಆಗದವರು ಮುಟ್ಟಲೇಬಾರದು. ಊರಿಗೆ ವಾಪಸ್ ಹೋದ ಮೇಲೆ ಅಮ್ಮನಿಗೆ ಅಂತ ದುಬಾರಿ ರೈ ಹಿಟ್ಟು ತರಿಸುವ ಅಗತ್ಯವೂ ಇಲ್ಲ, ಮನೆಯಲ್ಲಿ ರಾಗಿ, ಜೋಳ ಇರುತ್ತದಲ್ಲ.

ಇಲ್ಲಿದ್ದಾಗ ತೆಳ್ಳಗೆ ಎರಡು ಹೋಳು ಕಾಯಿಸಿ, ತುಪ್ಪ ಸವರಿ, ಮೇಲೆ ಚಟ್ನಿಪುಡಿ ಉದುರಿಸಿ ಕೊಡಿ, ತಿನ್ನುತ್ತಾರೆ. ಉಳಿದ ಬ್ರೆಡ್ಡನ್ನು ಫ್ರಿಜ್ಜಿಗೆ ಹಾಕಬೇಡಿ, ಕತ್ತರಿಸಿದ ಬದಿ ಕೆಳಗೆ ಮಾಡಿ ಬಟ್ಟೆಯಲ್ಲಿ ಸುತ್ತಿಟ್ಟರೆ ಒಂದು ವಾರ ಚೆನ್ನಾಗಿರುತ್ತದೆ.