ಕೇರ್ ಹೋಮ್‌ನ ಬಿಸಿನೀರಿನ ವಾಲ್ವ್ ಪರೀಕ್ಷೆ: ಪುಸ್ತಕದಲ್ಲಿ ಟಿಕ್ ಹಾಕಿದರೆ ಸಾಲದೇ?

ಇಂಗ್ಲೆಂಡಿನ ಕೇರ್ ಹೋಮ್ ಒಂದರಲ್ಲಿ ನಿರ್ವಹಣೆಯ ಕೆಲಸಕ್ಕೆ ಹೊಸದಾಗಿ ಸೇರಿದ್ದೀರಿ. ಹಿಂದಿನವರು ಬಿಟ್ಟುಹೋದ ವಾಲ್ವ್ ಪರೀಕ್ಷೆಯ ಪುಸ್ತಕದಲ್ಲಿ ಪ್ರತಿ ಕೋಣೆಯ ಮುಂದೆ ಬರೀ ಟಿಕ್ ಇದೆ, ಅದನ್ನೇ ಮುಂದುವರಿಸಲೇ ಎಂದು ಕೇಳಿದ್ದೀರಿ. ಬೇಡ. ಇದೇ ಕೆಲಸದಲ್ಲಿರುವ ನಾನೂ ಮೊದಲ ಆರು ತಿಂಗಳು ಟಿಕ್ ಹಾಕಿಯೇ ಕಳೆದವನು, ಹಾಗಾಗಿ ನಿಮ್ಮ ಹಿಂದಿನವರನ್ನು ಬೈಯುವ ಹಕ್ಕು ನನಗಿಲ್ಲ.

ಆ ವಾಲ್ವ್ ಏಕಿದೆ ಎಂಬುದು ತಲೆಗೆ ಹೋದರೆ ಏನು ಬರೆಯಬೇಕೆಂಬುದು ತಾನಾಗಿ ಹೊಳೆಯುತ್ತದೆ. ತೀವ್ರ ನ್ಯುಮೋನಿಯಾ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ನೀರಿನಲ್ಲಿ 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಹುಲುಸಾಗಿ ಬೆಳೆಯುತ್ತದೆ. ಅದಕ್ಕೇ ಟ್ಯಾಂಕಿನ ನೀರನ್ನು 60 ಡಿಗ್ರಿಯಲ್ಲಿ ಇಡುತ್ತಾರೆ. ಆದರೆ 60 ಡಿಗ್ರಿಯ ನೀರು ವಯಸ್ಸಾದವರ ತೆಳು ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಟ್ಟುಬಿಡುತ್ತದೆ, ಥಟ್ಟನೆ ಕಾಲೆಳೆದುಕೊಳ್ಳಲು ಅವರಿಗೆ ಆಗುವುದಿಲ್ಲ. ಈ ಎರಡು ಅಪಾಯಗಳ ನಡುವೆ ಕುಳಿತಿರುವುದು ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್, ನಮ್ಮ ಬಾಯಲ್ಲಿ ಟಿಎಂವಿ. ಊರಿನಲ್ಲಿ ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಕೈ ಅದ್ದಿ ಹದ ನೋಡುತ್ತಿದ್ದ ಅಜ್ಜಿಯ ಕೆಲಸವನ್ನೇ ಇದು ಮಾಡುತ್ತದೆ. ವಾಲ್ವ್‌ಗೆ ನೀರಿನ ಸುಣ್ಣ ಕಟ್ಟುತ್ತದೆ, ಅಜ್ಜಿಯ ಕೈಗೆ ಕಟ್ಟುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಸ್ನಾನದ ತೊಟ್ಟಿಗೆ 44 ಡಿಗ್ರಿ ಮೀರಬಾರದು, ಶವರ್‌ಗೂ ಬೇಸಿನ್‌ಗೂ ವಾಲ್ವ್ ಹೊಂದಿಸುವುದು 41ಕ್ಕೆ ಎಂಬುದು ನಾವು ಪಾಲಿಸುವ ಲೆಕ್ಕ. ನಮ್ಮ ಹಳೆಯ ಹಾಳೆಯಲ್ಲಿ ಎಲ್ಲಕ್ಕೂ ಸೇರಿಸಿ ‘44ಕ್ಕಿಂತ ಕಡಿಮೆ’ ಎಂದು ಒಂದೇ ಅಂಕಣವಿತ್ತು. ಮೊದಲ ಮಹಡಿಯ ಒಂದು ಬೇಸಿನ್‌ನಲ್ಲಿ ಮೊದಲ ಸಲ 41.2 ಬಂತು, ಮುಂದಿನ ಸಲ 41.9, ಆಮೇಲೆ 43.1. ಮೂರಕ್ಕೂ ಟಿಕ್ ಸಿಗುತ್ತಿತ್ತು. ಅಂಕಿಗಳನ್ನು ಬರೆದಿಟ್ಟಿದ್ದರಿಂದ ಏರುತ್ತಿರುವುದು ಕಣ್ಣಿಗೆ ಬಿತ್ತು. ಹಿಂದಿನ ಅಳತೆಗಿಂತ ಒಂದು ಡಿಗ್ರಿಗೂ ಹೆಚ್ಚು ಬದಲಾದರೆ ಸ್ಕ್ರೂ ತಿರುಗಿಸಿ ಇಳಿಸಲು ಹೋಗಬೇಡಿ. ಮೊದಲು ಕಾರಣ ಹುಡುಕಿ. ನಾನು ತಣ್ಣೀರಿನ ಕಡೆಯ, ಕಸ ತಡೆಯುವ ಜಾಲರಿ ಬಿಚ್ಚಿ ಅಂಗೈಯಲ್ಲಿ ತಟ್ಟಿದಾಗ ಅಕ್ಕಿನುಚ್ಚಿನಂತಹ ಸುಣ್ಣದ ಹರಳುಗಳು ಉದುರಿದವು. ತೊಳೆದು ಕೂರಿಸಿದ ಮೇಲೆ ಮತ್ತೆ 41.3.

ಆದ್ದರಿಂದ ಒಂದು ವಾಲ್ವ್‌ಗೆ ಒಂದು ಸಾಲಲ್ಲ, ಒಂದು ಪುಟವೇ ಇರಲಿ. ವಾಲ್ವ್‌ನ ಸಂಖ್ಯೆ, ಕೋಣೆ, ದಿನಾಂಕ, ಒಳಬರುವ ಬಿಸಿನೀರು ಮತ್ತು ತಣ್ಣೀರಿನ ಉಷ್ಣತೆ, ನೀರು ಒಂದೇ ಹದಕ್ಕೆ ನಿಂತ ಮೇಲೆ ಬೆರಕೆ ನೀರಿನದು, ಯಾವ ಥರ್ಮಾಮೀಟರಿನಿಂದ ಅಳೆದಿರಿ, ಅದರ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆ ಎಂಬ ತಪಾಸಣೆ) ಅವಧಿ ಯಾವಾಗ ಮುಗಿಯುತ್ತದೆ, ಕೊನೆಗೆ ಸಹಿ. ಒಳಬರುವ ನೀರಿನ ಅಳತೆ ಎಲ್ಲರೂ ಬಿಡುವ ಅಂಕಣ. ಬಿಸಿನೀರೇ 45ರಲ್ಲಿ ಬರುತ್ತಿದ್ದರೆ ನಲ್ಲಿಯ 41 ವಾಲ್ವ್‌ನ ಹೆಚ್ಚುಗಾರಿಕೆಯಲ್ಲ, ಅಲ್ಲಿ ಲೀಜನೆಲ್ಲಾದ ಚಿಂತೆ ಶುರುವಾಗುತ್ತದೆ. ತಣ್ಣೀರಿನ ಕೊಳವೆ ಕೈಗೆ ಬೆಚ್ಚಗೆ ತಾಗಿದರೆ ಹಿಮ್ಮುಖ ಹರಿವು ತಡೆಯುವ ಚೆಕ್ ವಾಲ್ವ್ ಕೆಟ್ಟು, ಬಿಸಿನೀರು ಆ ಕಡೆಗೆ ನುಗ್ಗುತ್ತಿರಬಹುದು. ಅದನ್ನೂ ಬರೆಯಿರಿ.

ಜಾಲರಿ ತೊಳೆಯುವುದು ವರ್ಷಕ್ಕೊಮ್ಮೆ, ಇಲ್ಲವೇ ನಿಮ್ಮ ಕಟ್ಟಡದ ಅಪಾಯ ವಿಶ್ಲೇಷಣೆ ಹೇಳಿದಷ್ಟು ಸಲ. ಆರೈಕೆಯವರು ಪ್ರತಿ ಸ್ನಾನಕ್ಕೆ ಮುಂಚೆ ತೊಟ್ಟಿಯ ನೀರು ಅಳೆದು ಬರೆಯುವ ಪುಸ್ತಕ ಬೇರೆ. ಅದು ಇದೆಯೆಂದು ಇದನ್ನಾಗಲಿ, ಇದು ಇದೆಯೆಂದು ಅದನ್ನಾಗಲಿ ಬಿಡುವಂತಿಲ್ಲ.

ಪರೀಕ್ಷೆಯಲ್ಲಿ ಸೋತ ವಾಲ್ವ್‌ನ ಅಂಕಿಯನ್ನು ಅಳಿಸಬೇಡಿ. ನಲ್ಲಿ ಬಂದ್ ಮಾಡಿದ್ದು ಎಷ್ಟು ಗಂಟೆಗೆ, ಯಾರಿಗೆ ತಿಳಿಸಿದಿರಿ, ಸರಿಪಡಿಸಿದ ಮೇಲೆ ಎಷ್ಟು ಬಂತು, ಇವಿಷ್ಟು ಅದರ ಕೆಳಗೇ ಇರಲಿ. ತಪಾಸಣೆಗೆ ಬಂದವರಿಗೆ ಒಂದೂ ದೋಷವಿಲ್ಲದ ಪುಸ್ತಕ ಕಂಡರೆ ಅನುಮಾನವೇ ಹೆಚ್ಚು.

ಕಡೆಯದು ತಣ್ಣೀರು ನಿಲ್ಲಿಸಿ ನೋಡುವ ಪರೀಕ್ಷೆ. ತಣ್ಣೀರು ನಿಂತ ಕೂಡಲೇ ವಾಲ್ವ್ ಬಿಸಿನೀರನ್ನೂ ತಡೆಯಬೇಕು. ತಡೆಯಿತೋ ಇಲ್ಲವೋ, ಐದು ಸೆಕೆಂಡಿನ ಮೇಲೂ ಹರಿಯುತ್ತಿದ್ದರೆ ಎಷ್ಟು ಡಿಗ್ರಿ ಎಂದು ಬರೆಯಿರಿ. ಪಕ್ಕದಲ್ಲಿ ‘ತಣ್ಣೀರು ಮತ್ತೆ ತೆರೆದಿದೆ’ ಎಂಬ ಅಂಕಣ ನಾನೇ ಸೇರಿಸಿದ್ದು. ಒಮ್ಮೆ ತೆರೆಯಲು ಮರೆತು ಊಟಕ್ಕೆ ಹೋಗಿದ್ದೆ. ಆ ಕೋಣೆಯ ಅಜ್ಜಿ, ಮುಖಕ್ಕೆ ಸೋಪು ಹಚ್ಚಿಕೊಂಡೇ, ಇಪ್ಪತ್ತು ನಿಮಿಷ ಬೆಲ್ ಒತ್ತುತ್ತಿದ್ದರು.